ಅಲೆಯ ಬಲ, ನೆಲದ ಲೆಕ್ಕ

ಕಡಲ ಅಲೆಯ ಏರಿಳಿತವನ್ನು ಮನುಷ್ಯನ ಕೆಲಸಕ್ಕೆ ಹೂಡಬೇಕೆಂಬ ಯೋಚನೆಗೆ ಇನ್ನೂರು ವರ್ಷಗಳಿಗೂ ಮಿಕ್ಕ ವಯಸ್ಸಾಗಿದ್ದರೂ, ಗಾಳಿ ಮತ್ತು ಬಿಸಿಲಿನ ವಿದ್ಯುತ್ತು ಮನೆಮಾತಾಗಿರುವ ಈ ಕಾಲದಲ್ಲಿಯೂ ಅಲೆಯ ವಿದ್ಯುತ್ತು ಪ್ರಯೋಗದ ಹಂತವನ್ನು ದಾಟಿಲ್ಲ. ಇದರ ಕಾರಣ ಕಡಲಿನಲ್ಲಿದೆಯೇ, ಯಂತ್ರದಲ್ಲಿದೆಯೇ ಅಥವಾ ಆ ಯಂತ್ರಕ್ಕೆ ವಹಿಸಿದ ಕೆಲಸದಲ್ಲಿದೆಯೇ ಎಂಬುದನ್ನು ವಿಚಾರಿಸುವುದು ಈ ಸಂವಾದದ ಉದ್ದೇಶ. ಮಾತನಾಡುವವರು ಇಬ್ಬರು: ಒಬ್ಬರು ಅಲೆಯ ಶಕ್ತಿಯಲ್ಲಿ ಭರವಸೆಯಿಟ್ಟು ಪ್ರಶ್ನಿಸುವ ಜಿಜ್ಞಾಸು, ಇನ್ನೊಬ್ಬರು ಕರಾವಳಿಯ ಕಾಮಗಾರಿಗಳನ್ನು ಬಲ್ಲ ಎಂಜಿನಿಯರ್.

ಜಿಜ್ಞಾಸು: ಉಳ್ಳಾಲದಿಂದ ಕಾರವಾರದವರೆಗಿನ ಸುಮಾರು ಮುನ್ನೂರು ಕಿಲೋಮೀಟರ್ ಕರಾವಳಿಯಲ್ಲಿ ಮಳೆಗಾಲ ಬಂತೆಂದರೆ ಕಡಲ್ಕೊರೆತದ ಸುದ್ದಿ ತಪ್ಪಿದ್ದಲ್ಲ, ತೀರಕ್ಕೆ ಸುರಿದ ಬಂಡೆಗಲ್ಲುಗಳನ್ನೇ ಕದಲಿಸಿ ತೆಂಗಿನ ತೋಟವನ್ನೂ ರಸ್ತೆಯನ್ನೂ ಕಬಳಿಸುವಷ್ಟು ಬಲ ಅಲೆಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಹಾನಿ ಮಾಡುವ ಆ ಬಲವನ್ನೇ ವಿದ್ಯುತ್ತಾಗಿ ಪರಿವರ್ತಿಸುವುದು ಏಕೆ ಸಾಧ್ಯವಾಗಿಲ್ಲ?

ಎಂಜಿನಿಯರ್: ಸಾಧ್ಯವಾಗಿಲ್ಲ ಎನ್ನುವುದಕ್ಕಿಂತ, ಸಾಧ್ಯವಾದದ್ದು ಬಾಳಿಕೆ ಬಂದಿಲ್ಲ ಎನ್ನುವುದು ಸರಿ. ಮೊದಲು ಅಲೆಯನ್ನು ಭರತ ಇಳಿತಗಳಿಂದ ಬೇರ್ಪಡಿಸಿ ನೋಡಬೇಕು. ಭರತ ಇಳಿತಗಳು ಚಂದ್ರ ಮತ್ತು ಸೂರ್ಯರ ಗುರುತ್ವಾಕರ್ಷಣೆಯಿಂದ ಆಗುವಂಥವು; ಅಲೆ ಹುಟ್ಟುವುದು ಗಾಳಿಯಿಂದ, ಗಾಳಿ ಹುಟ್ಟುವುದು ಬಿಸಿಲಿಗೆ ಭೂಮಿ ಅಸಮವಾಗಿ ಕಾಯುವುದರಿಂದ. ಹೀಗಾಗಿ ಅಲೆಯ ಶಕ್ತಿಯೆಂಬುದು ಮೂರನೆಯ ಕೈಗೆ ಬಂದ ಸೌರಶಕ್ತಿಯೇ ಆಗಿದ್ದು, ಕೈ ಬದಲಾದಂತೆ ಅದು ಹೆಚ್ಚು ಸಾಂದ್ರವಾಗುತ್ತ ಬಂದಿರುವುದು ವಿಶೇಷ. ವಿಶಾಲ ಕಡಲಿನ ಮೇಲೆ ದಿನಗಟ್ಟಲೆ ಬೀಸಿದ ಗಾಳಿ ನೀರಿಗೆ ಕೊಟ್ಟ ಶಕ್ತಿಯು, ಗಾಳಿ ನಿಂತ ಮೇಲೂ ಉಬ್ಬಲೆಯಾಗಿ, ಎಂದರೆ ಹುಟ್ಟಿದ ಜಾಗವನ್ನು ಬಿಟ್ಟು ಬಹುದೂರ ಸಾಗುವ ನೀಳವಾದ ಅಲೆಯಾಗಿ, ಸಾವಿರಾರು ಕಿಲೋಮೀಟರ್ ದಾಟಬಲ್ಲದು. ದಕ್ಷಿಣದ ಮಹಾಸಾಗರದ ಬಿರುಗಾಳಿಗಳಲ್ಲಿ ಹುಟ್ಟಿದ ಇಂಥ ಉಬ್ಬಲೆಗಳು ಸ್ಥಳೀಯವಾಗಿ ಗಾಳಿಯೇ ಇಲ್ಲದ ದಿನವೂ ಕೇರಳದ ತೀರದಲ್ಲಿ ನೀರುಕ್ಕಿಸುತ್ತವೆ. ಅಲ್ಲಿ ಕಳ್ಳಕ್ಕಡಲ್ ಎಂದು ಕರೆಯಲಾಗುವ ಈ ವಿದ್ಯಮಾನಕ್ಕೆ ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಮುನ್ನೆಚ್ಚರಿಕೆ ನೀಡುತ್ತದೆ.

ಜಿಜ್ಞಾಸು: ಅಷ್ಟು ದೂರದಿಂದ ಸಾಗಿಬರುವುದು ನೀರೇ ತಾನೆ? ಹಾಗಿದ್ದರೆ ಹರಿಯುವ ಹೊಳೆಯಲ್ಲಿ ಟರ್ಬೈನ್ ಇಟ್ಟಂತೆ ಅಲೆಗೆ ಅಡ್ಡಲಾಗಿಯೂ ಒಂದನ್ನು ಇಟ್ಟರಾಯಿತಲ್ಲ.

ಎಂಜಿನಿಯರ್: ಸಾಗಿಬರುವುದು ನೀರಲ್ಲ, ಅದರ ಚಲನೆ. ಆಳವಾದ ಕಡಲಿನಲ್ಲಿ ಅಲೆ ಹಾದುಹೋಗುವಾಗ ನೀರಿನ ಪ್ರತಿಯೊಂದು ಕಣವೂ ವೃತ್ತಾಕಾರವಾಗಿ ಸುತ್ತಿ ಹೆಚ್ಚುಕಡಿಮೆ ತಾನಿದ್ದ ಜಾಗಕ್ಕೇ ಮರಳುತ್ತದೆ. ಕೆಳಕ್ಕೆ ಇಳಿದಂತೆ ಈ ವೃತ್ತಗಳು ಕಿರಿದಾಗುತ್ತ ಹೋಗಿ, ತರಂಗಾಂತರದ, ಎಂದರೆ ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಗಿರುವ ದೂರದ, ಅರ್ಧದಷ್ಟು ಆಳದಲ್ಲಿ ಮೇಲ್ಮೈಯ ಚಲನೆಯ ಶೇಕಡಾ 4ರಷ್ಟು ಮಾತ್ರ ಉಳಿದಿರುತ್ತದೆ. ಹತ್ತು ಸೆಕೆಂಡಿಗೊಂದರಂತೆ ಬರುವ ಅಲೆಯ ತರಂಗಾಂತರ ಆಳದ ನೀರಿನಲ್ಲಿ ಸುಮಾರು 156 ಮೀಟರ್ ಎಂದರೆ, ಅದರ ಶಕ್ತಿಯೆಲ್ಲ ಕಡಲಿನ ಮೇಲ್ಪದರದಲ್ಲಿಯೇ ಇದೆ ಎಂದಾಯಿತು. ಇದು ಕೆಲವೇ ಸೆಕೆಂಡುಗಳಿಗೊಮ್ಮೆ ದಿಕ್ಕು ಬದಲಿಸುವ, ನಿಧಾನವಾದ, ಆದರೆ ಅಪಾರ ಬಲವುಳ್ಳ ಚಲನೆ. ವಿದ್ಯುತ್ತು ಉತ್ಪಾದಿಸುವ ಜನರೇಟರಿಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧವಾದ, ಒಂದೇ ದಿಕ್ಕಿನ, ವೇಗದ, ಏಕರೀತಿಯ ತಿರುಗುವಿಕೆ. ಇವೆರಡನ್ನು ಹೊಂದಿಸುವುದೇ ಅಲೆಯಂತ್ರದ ಮೂಲ ಸಮಸ್ಯೆ.

ಜಿಜ್ಞಾಸು: ಹಾಗೆ ಬರುವ ಶಕ್ತಿ ಎಷ್ಟೆಂಬುದನ್ನು ಅಳೆಯುವ ಬಗೆ ಯಾವುದು?

ಎಂಜಿನಿಯರ್: ಅಲೆಯ ನೆತ್ತಿಯ ಉದ್ದದಲ್ಲಿ ಮೀಟರಿಗೆ ಎಷ್ಟು ಕಿಲೋವ್ಯಾಟ್ ಸಾಗಿಬರುತ್ತಿದೆ ಎಂದು ಲೆಕ್ಕ ಹಾಕುವುದು ವಾಡಿಕೆ. ಇದಕ್ಕೆ ಎರಡು ಅಳತೆಗಳು ಸಾಕು. ಮೊದಲನೆಯದು ಗಣನೀಯ ಎತ್ತರ, ಎಂದರೆ ದಾಖಲಾದ ಅಲೆಗಳ ಪೈಕಿ ಅತಿ ಎತ್ತರದ ಮೂರನೆಯ ಒಂದು ಭಾಗದ ಸರಾಸರಿ. ಎರಡನೆಯದು ಆವರ್ತಕಾಲ, ಎಂದರೆ ಒಂದು ನೆತ್ತಿ ಹಾದ ಮೇಲೆ ಮುಂದಿನದು ಬರುವವರೆಗಿನ ಸೆಕೆಂಡುಗಳು. ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ವರ್ಗ ಮಾಡಿ, ಆವರ್ತಕಾಲದಿಂದ ಗುಣಿಸಿ, ಬಂದದ್ದನ್ನು ಅರ್ಧ ಮಾಡಿದರೆ ಆಳದ ನೀರಿನ ಮಟ್ಟಿಗೆ ಉತ್ತರ ಹೆಚ್ಚುಕಡಿಮೆ ಸರಿಯಾಗಿರುತ್ತದೆ. ಎತ್ತರ 1 ಮೀಟರ್, ಆವರ್ತಕಾಲ 6 ಸೆಕೆಂಡ್ ಇದ್ದರೆ ಮೀಟರಿಗೆ 3 ಕಿಲೋವ್ಯಾಟ್. 3 ಮೀಟರ್ ಮತ್ತು 8 ಸೆಕೆಂಡ್ ಆದರೆ 36 ಕಿಲೋವ್ಯಾಟ್. ಮಹಾ ಬಿರುಗಾಳಿಯಲ್ಲಿ 12 ಮೀಟರ್ ಮತ್ತು 14 ಸೆಕೆಂಡಿಗೆ ಮುಟ್ಟಿದರೆ ಸುಮಾರು 1,000 ಕಿಲೋವ್ಯಾಟ್. ಭಾರತದ ತೀರಗಳಲ್ಲಿ ವಾರ್ಷಿಕ ಸರಾಸರಿ ಸ್ಥೂಲವಾಗಿ 5ರಿಂದ 15 ಕಿಲೋವ್ಯಾಟ್ ಇದ್ದರೆ, ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಅಟ್ಲಾಂಟಿಕ್ ಕಡಲಿನಲ್ಲಿ ಅದು 50ನ್ನು ಮೀರುತ್ತದೆ.

ಜಿಜ್ಞಾಸು: ಎತ್ತರ ಇಮ್ಮಡಿಯಾದರೆ ಶಕ್ತಿ ನಾಲ್ಮಡಿಯಾಗುವ ಈ ನಿಯಮ ಯಂತ್ರ ಕಟ್ಟುವವರಿಗೆ ವರವಾಗಬೇಕಿತ್ತು.

ಎಂಜಿನಿಯರ್: ಅವರನ್ನು ಸೋಲಿಸಿದ್ದೂ ಅದೇ ನಿಯಮ. ಯಂತ್ರದ ಸಂಪಾದನೆಯೆಲ್ಲ 20, 30 ಕಿಲೋವ್ಯಾಟಿನ ಸಾಧಾರಣ ಅಲೆಗಳಿಂದ ಬರುವಂಥದ್ದು. ಆದರೆ ಅದನ್ನು ಕಟ್ಟುವಾಗ ಎಂದೋ ಒಂದು ದಿನ ಬರುವ 1,000 ಕಿಲೋವ್ಯಾಟಿನ ಹೊಡೆತವನ್ನು ತಡೆಯುವಂತೆ ಕಟ್ಟಬೇಕು. ಆ ಹೊಡೆತದಿಂದ ಒಂದು ಯೂನಿಟ್ ವಿದ್ಯುತ್ತೂ ಹೆಚ್ಚಾಗಿ ಸಿಗುವುದಿಲ್ಲ, ಆದರೆ ಕಾಂಕ್ರೀಟು, ಉಕ್ಕು, ಲಂಗರಿನ ಸರಪಳಿ ಇವೆಲ್ಲದರ ಖರ್ಚನ್ನು ನಿರ್ಧರಿಸುವುದು ಅದೇ. ನಾರ್ವೆಯ ಟಾಫ್ಟೆಸ್ಟಾಲೆನ್ ಎಂಬಲ್ಲಿ ಬಂಡೆಯ ಅಂಚಿಗೆ 1985ರಲ್ಲಿ ಕಟ್ಟಿದ 500 ಕಿಲೋವ್ಯಾಟಿನ ಸ್ಥಾವರವನ್ನು 1988ರ ಡಿಸೆಂಬರಿನ ಬಿರುಗಾಳಿ ಕೆಡವಿಹಾಕಿತು. ಸ್ಕಾಟ್ಲೆಂಡಿನ ಉತ್ತರ ತೀರದಲ್ಲಿ 1995ರಲ್ಲಿ ಇಳಿಸಿದ ಆಸ್ಪ್ರೆ ಎಂಬ ಯಂತ್ರವಂತೂ ಕೆಲಸ ಆರಂಭಿಸುವ ಮುನ್ನವೇ ಮುಳುಗಿತು.

ಜಿಜ್ಞಾಸು: ಯಂತ್ರಗಳ ಸೋಲಿಗಿಂತ ಮೊದಲು ಅವುಗಳ ಕೆಲಸದ ರೀತಿಯನ್ನು ತಿಳಿಯುವುದು ಒಳ್ಳೆಯದು. ಅತ್ತಿತ್ತ ಆಡುವ ನೀರಿನಿಂದ ಒಂದೇ ದಿಕ್ಕಿನ ತಿರುಗುವಿಕೆಯನ್ನು ಪಡೆಯುವುದು ಹೇಗೆ?

ಎಂಜಿನಿಯರ್: ಪ್ಯಾರಿಸಿನಲ್ಲಿ 1799ರಲ್ಲಿ ಜಿರಾರ್ ಎಂಬ ತಂದೆ ಮಗ ಪಡೆದ ಪೇಟೆಂಟಿನಿಂದ ಮೊದಲುಗೊಂಡು ಈ ಪ್ರಶ್ನೆಗೆ ನೂರಾರು ಉತ್ತರಗಳು ಬಂದಿವೆ, ಅವುಗಳಲ್ಲಿ ಹೆಚ್ಚು ಕಾಲ ನಿಂತದ್ದು ಆಂದೋಲಿತ ಜಲಸ್ತಂಭ ಎಂಬ ವಿಧಾನ. ಕಾಂಕ್ರೀಟಿನ ಒಂದು ಕೋಣೆಯನ್ನು ಅದರ ತಳದ ಬಾಯಿ ನೀರಿನ ಮಟ್ಟಕ್ಕಿಂತ ಕೆಳಗಿರುವಂತೆ ಕಡಲಿಗೆ ಮುಖ ಮಾಡಿ ನಿಲ್ಲಿಸಲಾಗುತ್ತದೆ. ಅಲೆ ಬಂದಾಗ ಒಳಗಿನ ನೀರು ಏರಿ ಮೇಲಿನ ಗಾಳಿಯನ್ನು ಚಾವಣಿಯ ಕಿರಿದಾದ ಕೊಳವೆಯ ಮೂಲಕ ಹೊರಕ್ಕೆ ತಳ್ಳುತ್ತದೆ, ಅಲೆ ಹಿಂದೆ ಸರಿದಾಗ ನೀರು ಇಳಿದು ಹೊರಗಿನ ಗಾಳಿಯನ್ನು ಒಳಕ್ಕೆ ಎಳೆಯುತ್ತದೆ. ಕಮ್ಮಾರನ ತಿದಿಯನ್ನು ಕಡಲೇ ಒತ್ತಿ ಬಿಡುತ್ತಿದೆ ಎನ್ನಬಹುದು. ಅಗಲವಾದ ಕೋಣೆಯ ನಿಧಾನ ಚಲನೆ ಕಿರಿದಾದ ಕೊಳವೆಯಲ್ಲಿ ವೇಗದ ಗಾಳಿಯಾಗುವುದರಿಂದ ಮೊದಲ ತೊಡಕು ಹೀಗೆ ಬಗೆಹರಿಯಿತು. ಜಪಾನಿನ ಯೋಶಿಯೊ ಮಸುಡಾ ಅವರು ಇದೇ ತತ್ತ್ವದ ಮೇಲೆ ಹಡಗುಗಳಿಗೆ ದಾರಿ ತೋರುವ ತೇಲುದೀಪಗಳನ್ನು ರೂಪಿಸಿದರು. ಅವು 1965ರ ಹೊತ್ತಿಗೆ ಮಾರಾಟಕ್ಕೂ ಬಂದವು.

ಜಿಜ್ಞಾಸು: ಗಾಳಿ ಒಮ್ಮೆ ಹೊರಕ್ಕೂ ಒಮ್ಮೆ ಒಳಕ್ಕೂ ಹರಿಯುವಾಗ ಟರ್ಬೈನ್ ಕೂಡ ದಿಕ್ಕು ಬದಲಿಸಬೇಕಾಗುತ್ತದೆಯಲ್ಲ.

ಎಂಜಿನಿಯರ್: ಗಾಳಿಯ ದಾರಿಯನ್ನು ಕವಾಟಗಳಿಂದ ತಿದ್ದುವ ಉಪಾಯವಿತ್ತು, ಆದರೆ ಪ್ರತಿ ಅಲೆಗೂ ತೆರೆದು ಮುಚ್ಚುವ ಕವಾಟ ಉಪ್ಪುನೀರಿನ ತುಂತುರಿನಲ್ಲಿ ಬಹಳ ದಿನ ಬಾಳುವುದಿಲ್ಲ. ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದ ಅಲನ್ ವೆಲ್ಸ್ ಅವರು 1970ರ ದಶಕದಲ್ಲಿ ರೂಪಿಸಿದ, ಅವರ ಹೆಸರಿನಿಂದಲೇ ಕರೆಯಲಾಗುವ ಟರ್ಬೈನ್ ಕವಾಟದ ಅಗತ್ಯವನ್ನೇ ತೆಗೆದುಹಾಕಿತು. ಅದರ ಅಲಗುಗಳ ಮುಂಭಾಗ ದುಂಡಗೆ, ಹಿಂಭಾಗ ತೆಳ್ಳಗೆ ಇದ್ದು, ಎರಡೂ ಮೈಗಳು ಒಂದೇ ಅಳತೆಯವು. ಸಾಮಾನ್ಯ ಫ್ಯಾನಿನ ರೆಕ್ಕೆಗಳಿಗಿರುವ ಓರೆ ಅವುಗಳಿಗಿಲ್ಲ. ತಿರುಗುತ್ತಿರುವ ಅಂಥ ಅಲಗಿಗೆ ಗಾಳಿ ಕೆಳಗಿನಿಂದ ಬಡಿದರೂ ಮೇಲಿನಿಂದ ಬಡಿದರೂ ಹುಟ್ಟುವ ಎತ್ತುಬಲದ, ಎಂದರೆ ಗಾಳಿಯ ಹರಿವಿಗೆ ಅಡ್ಡಲಾಗಿ ಎಳೆಯುವ ಬಲದ, ಒಂದು ಅಂಶ ಯಾವಾಗಲೂ ದುಂಡಗಿನ ತುದಿಯ ಕಡೆಗೇ ಎಳೆಯುವುದರಿಂದ, ಗಾಳಿ ಎತ್ತ ಹರಿದರೂ ಚಕ್ರ ಒಂದೇ ದಿಕ್ಕಿಗೆ ಸುತ್ತುತ್ತದೆ. ಈ ಸರಳತೆಗೆ ತೆರಬೇಕಾದ ಬೆಲೆಯೂ ಇದೆ: ನಿಂತಿರುವ ಚಕ್ರ ತಾನಾಗಿ ವೇಗ ಗಳಿಸಲಾರದಾದ್ದರಿಂದ ಆರಂಭದಲ್ಲಿ ಅದನ್ನು ತಿರುಗಿಸಿಕೊಡಬೇಕಾಗುತ್ತದೆ, ಗಾಳಿ ಒಂದು ಮಿತಿಯನ್ನು ಮೀರಿ ರಭಸಗೊಂಡರೆ ಎತ್ತುಬಲ ಥಟ್ಟನೆ ಕುಸಿಯುತ್ತದೆ, ಸದ್ದಂತೂ ವಿಪರೀತ.

ಜಿಜ್ಞಾಸು: ಗಾಳಿಯ ಮಧ್ಯಸ್ಥಿಕೆಯಿಲ್ಲದೆ ಅಲೆಯಿಂದ ನೇರವಾಗಿ ಶಕ್ತಿ ಪಡೆಯುವ ಪ್ರಯತ್ನಗಳು ನಡೆಯಲಿಲ್ಲವೇ?

ಎಂಜಿನಿಯರ್: ನಡೆದವು, ಅವೇ ಹೆಚ್ಚು ಹೆಸರು ಮಾಡಿದವು. 1973ರ ತೈಲ ಬಿಕ್ಕಟ್ಟಿನ ಬೆನ್ನಿಗೆ ಎಡಿನ್‌ಬರೋ ವಿಶ್ವವಿದ್ಯಾಲಯದ ಸ್ಟೀಫನ್ ಸಾಲ್ಟರ್ ಅವರು ಅಲೆಗೆ ತಲೆಯಾಡಿಸುವ ಕೊಕ್ಕಿನಾಕಾರದ ತೇಲುಯಂತ್ರವನ್ನು ರೂಪಿಸಿ 1974ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಪ್ರಯೋಗಶಾಲೆಯ ಕಿರಿದಾದ ತೊಟ್ಟಿಯಲ್ಲಿ ಅದು ತನ್ನ ಮೇಲೆ ಬಂದ ಅಲೆಯ ಬಹುಪಾಲನ್ನು ಹೀರಿಕೊಂಡು ಹಿಂದಿನ ನೀರನ್ನು ನಿಶ್ಚಲವಾಗಿಸಿತು. ನಾರ್ವೆಯ ಬುಡಾಲ್ ಮತ್ತು ಫಾಲ್ನೆಸ್ ಅವರು ಸಣ್ಣ ತೇಲುಯಂತ್ರಗಳ ಸಿದ್ಧಾಂತವನ್ನು ಬೆಳೆಸಿದರು. ಅಲೆಯ ಲಯಕ್ಕೆ ತಕ್ಕಂತೆ ಮೇಲೆ ಕೆಳಗೆ ಆಡುವ ತೇಲುಕಾಯವು ತಾನೂ ಸುತ್ತ ಅಲೆಗಳನ್ನು ಎಬ್ಬಿಸುತ್ತದೆ; ಅವು ಬಂದ ಅಲೆಯನ್ನು ಅಳಿಸುವಂತೆ ಹೊಂದಿಕೊಂಡಾಗ, ಆ ಕಾಯ ತನ್ನ ಅಗಲಕ್ಕಿಂತ ಎಷ್ಟೋ ಹೆಚ್ಚು ಅಗಲದ ಅಲೆಯಿಂದ ಶಕ್ತಿಯನ್ನು ಸೆಳೆಯಬಲ್ಲದು. 156 ಮೀಟರ್ ತರಂಗಾಂತರದ ಅಲೆಗೆ ಈ ಅಗಲದ ಸೈದ್ಧಾಂತಿಕ ಮಿತಿ ಸುಮಾರು 25 ಮೀಟರ್. ಕಾಗದದ ಮೇಲೆ ಇಷ್ಟು ಚೆನ್ನಾಗಿ ಗೆದ್ದ ಶಾಸ್ತ್ರ ಕಡಲಿನಲ್ಲಿ ಅಷ್ಟೇ ಚೆನ್ನಾಗಿ ಗೆಲ್ಲಲಿಲ್ಲ. ಬ್ರಿಟಿಷ್ ಸರ್ಕಾರ 1980ರ ದಶಕದ ಆರಂಭದಲ್ಲಿ ಇಂಥ ಸಂಶೋಧನೆಗೆ ಕೊಡುತ್ತಿದ್ದ ಅನುದಾನವನ್ನು ಬಹುಮಟ್ಟಿಗೆ ನಿಲ್ಲಿಸಿತು. ಮುಂದೆ ಪೆಲಾಮಿಸ್ ಎಂಬ, ಕೀಲುಗಳಿಂದ ಜೋಡಿಸಿದ ಉಕ್ಕಿನ ಕೊಳವೆಗಳ ಯಂತ್ರ 2004ರಲ್ಲಿ ಆರ್ಕ್ನಿ ದ್ವೀಪಗಳ ಬಳಿ ವಿದ್ಯುತ್ ಜಾಲಕ್ಕೆ ಶಕ್ತಿ ನೀಡಿತು. 750 ಕಿಲೋವ್ಯಾಟಿನ ಅಂಥ ಮೂರು ಯಂತ್ರಗಳನ್ನು 2008ರಲ್ಲಿ ಪೋರ್ಚುಗಲ್ಲಿನ ಅಗುಸಾದೋರದಲ್ಲಿ ನಿಲ್ಲಿಸಲಾಯಿತಾದರೂ ಕೆಲವೇ ತಿಂಗಳುಗಳಲ್ಲಿ ಅವನ್ನು ಬಂದರಿಗೆ ಎಳೆತರಬೇಕಾಯಿತು. ಆ ಕಂಪನಿ 2014ರಲ್ಲಿ ದಿವಾಳಿಯಂಚಿಗೆ ಬಂದು ಮುಚ್ಚಿತು.

ಜಿಜ್ಞಾಸು: ಭಾರತದಲ್ಲಿ ಇಂಥ ಪ್ರಯತ್ನ ನಡೆದಿದೆಯೇ?

ಎಂಜಿನಿಯರ್: ಜಗತ್ತಿನ ಬಹಳ ದೇಶಗಳಿಗಿಂತ ಮೊದಲೇ ನಡೆದಿದೆ. ತಿರುವನಂತಪುರದ ಸಮೀಪದ ವಿಳಿಂಜಂ ಮೀನುಗಾರಿಕಾ ಬಂದರಿನ ತಡೆಗೋಡೆಯ ಆಚೆಗೆ, ಐಐಟಿ ಮದ್ರಾಸಿನ ತಜ್ಞರು ಕೇಂದ್ರದ ಸಾಗರಾಭಿವೃದ್ಧಿ ಇಲಾಖೆಯ ನೆರವಿನಿಂದ 150 ಕಿಲೋವ್ಯಾಟ್ ಸಾಮರ್ಥ್ಯದ ಆಂದೋಲಿತ ಜಲಸ್ತಂಭವನ್ನು ಕಟ್ಟಿ 1991ರಲ್ಲಿ ಚಾಲನೆಗೊಳಿಸಿದರು. ಸುಮಾರು 3,000 ಟನ್ ತೂಕದ ಕಾಂಕ್ರೀಟಿನ ಕೈಸನ್ನನ್ನು, ಎಂದರೆ ತೇಲಿಸಿ ತಂದು ತಳಕ್ಕೆ ಕೂರಿಸಬಹುದಾದ ಟೊಳ್ಳು ಪೆಟ್ಟಿಗೆಯನ್ನು, ಸುಮಾರು 10 ಮೀಟರ್ ಆಳದ ನೀರಿನಲ್ಲಿ ನಿಲ್ಲಿಸಿ, ಅದರ ಬಾಯಿಯ ಇಕ್ಕೆಲಗಳಲ್ಲಿ ಗೋಡೆಗಳನ್ನು ಮುಂಚಾಚಲಾಗಿತ್ತು. ಆ ಗೋಡೆಗಳ ನಡುವಿನ ನೀರು ಒಂದು ಲಯದ ಅಲೆಗೂ ಕೋಣೆಯೊಳಗಿನ ನೀರು ಇನ್ನೊಂದು ಲಯದ ಅಲೆಗೂ ಅನುರಣಿಸುವಂತೆ, ಎಂದರೆ ತನ್ನ ಸಹಜ ಲಯಕ್ಕೆ ಹೊಂದುವ ಅಲೆ ಬಂದಾಗ ಹೆಚ್ಚು ಎತ್ತರಕ್ಕೆ ಆಡುವಂತೆ, ಈ ಏರ್ಪಾಡು. ತಡೆಗೋಡೆಯಿಂದ ಅಲ್ಲಿಗೆ ಹೋಗಲು 45 ಮೀಟರ್ ಉದ್ದದ ಉಕ್ಕಿನ ಸೇತುವೆಯಿತ್ತು. ಏಪ್ರಿಲ್‌ನಿಂದ ನವೆಂಬರ್‌ವರೆಗೆ ಸರಾಸರಿ 75 ಕಿಲೋವ್ಯಾಟ್, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ 25 ಕಿಲೋವ್ಯಾಟ್ ಸಿಗುವುದೆಂಬುದು ನಿರೀಕ್ಷೆಯಾಗಿತ್ತು. ಅಲೆಯಿಂದ ಅಲೆಗೆ ಉತ್ಪಾದನೆ ಏರಿ ಬೀಳುವ ಯಂತ್ರವನ್ನು ವಿದ್ಯುತ್ ಜಾಲಕ್ಕೆ ಜೋಡಿಸುವುದೇ ಕಷ್ಟ. ಅಲೆ ಕ್ಷೀಣಿಸಿದ ಹೊತ್ತಿನಲ್ಲಿ ಜನರೇಟರ್ ಜಾಲದಿಂದಲೇ ವಿದ್ಯುತ್ತು ಎಳೆದುಕೊಂಡು ಮೋಟರಾಗಿ ತಿರುಗುವ ವಿಪರ್ಯಾಸವೂ ಇಂಥ ಏರ್ಪಾಡಿನಲ್ಲಿ ಇದ್ದದ್ದೇ. ಟರ್ಬೈನ್‌ಗಳನ್ನು ಮತ್ತೆ ಮತ್ತೆ ಬದಲಾಯಿಸಲಾಯಿತು. ಮುಂದೆ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2004ರಲ್ಲಿ ಈ ಸ್ಥಾವರವನ್ನು ವಿಲೋಮ ಪರಾಸರಣ ವಿಧಾನದಿಂದ, ಎಂದರೆ ಉಪ್ಪುನೀರನ್ನು ಒತ್ತಡದಿಂದ ಸೂಕ್ಷ್ಮ ಪೊರೆಯ ಮೂಲಕ ಹಾಯಿಸುವ ವಿಧಾನದಿಂದ, ದಿನಕ್ಕೆ 10,000 ಲೀಟರ್ ಸಿಹಿನೀರು ಪಡೆಯುವ ಘಟಕಕ್ಕೆ ಜೋಡಿಸಿತು. 2011ರಲ್ಲಿ ಸ್ಥಾವರವನ್ನು ನಿಲ್ಲಿಸಲಾಯಿತು.

ಜಿಜ್ಞಾಸು: ಇಪ್ಪತ್ತು ವರ್ಷ ನಿಂತ ಸ್ಥಾವರವನ್ನು ಸೋಲೆಂದು ಕರೆಯುವುದು ಕಷ್ಟ. ಅಲ್ಲಿ ಕಲಿತದ್ದನ್ನು ಕರ್ನಾಟಕದ ತೀರದಲ್ಲಿ ದೊಡ್ಡ ಪ್ರಮಾಣದಲ್ಲಿ ಕಟ್ಟಿ, ಸಿಕ್ಕ ವಿದ್ಯುತ್ತನ್ನು ರಾಜ್ಯದ ಜಾಲಕ್ಕೆ ಸೇರಿಸಲು ಅಡ್ಡಿಯೇನು?

ಎಂಜಿನಿಯರ್: ಅಡ್ಡಿಯಿರುವುದು ಪಂಚಾಂಗದಲ್ಲಿ. ಅರಬ್ಬಿ ಸಮುದ್ರದ ಅಲೆ ವರ್ಷಪೂರ್ತಿ ಒಂದೇ ಸಮನಾಗಿ ಬರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ಮೂರು ಮೀಟರಿಗೆ ಏರುವ ಅಲೆ, ಮಳೆಗಾಲ ಕಳೆದ ಮೇಲೆ ಒಂದು ಮೀಟರಿನ ಆಸುಪಾಸಿಗೆ ಇಳಿಯುತ್ತದೆ. ವರ್ಗದ ನಿಯಮದಿಂದಾಗಿ ಎತ್ತರದ ಈ ಇಳಿಕೆ ಶಕ್ತಿಯಲ್ಲಿ ಹತ್ತುಪಟ್ಟು ಇಳಿಕೆಯಾಗಬಹುದು. ಯುರೋಪಿನ ಅಟ್ಲಾಂಟಿಕ್ ತೀರದಲ್ಲಿ ಅಲೆ ಜೋರಾಗುವುದು ಚಳಿಗಾಲದಲ್ಲಿ, ಮನೆಗಳು ಹೆಚ್ಚು ವಿದ್ಯುತ್ತು ಕೇಳುವುದೂ ಚಳಿಗಾಲದಲ್ಲಿ. ಅಲ್ಲಿ ಅಲೆಯೂ ಬೇಡಿಕೆಯೂ ಜೊತೆಯಲ್ಲೇ ಏರುತ್ತವೆ. ಕರ್ನಾಟಕದಲ್ಲಿ ಲಿಂಗನಮಕ್ಕಿಯಂಥ ಜಲಾಶಯಗಳಿಗೆ ಒಳಹರಿವು ಹೆಚ್ಚುವುದು ಮಳೆಗಾಲದಲ್ಲಿ, ಚಿತ್ರದುರ್ಗ ಮತ್ತು ಗದಗದ ಗಾಳಿಯಂತ್ರಗಳು ರಭಸವಾಗಿ ತಿರುಗುವುದೂ ಆಗಲೇ, ರೈತರ ಪಂಪ್‌ಸೆಟ್ಟುಗಳು ವಿರಮಿಸುವುದೂ ಆಗಲೇ. ಬೇಡಿಕೆ ತುತ್ತತುದಿ ಮುಟ್ಟುವ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಬೇಸಿಗೆಯಲ್ಲಿ ಕಡಲು ಶಾಂತವಾಗಿರುತ್ತದೆ. ಬೇಕಾದಾಗ ಇಲ್ಲದೆ, ಬೇಡವಾದಾಗ ಹೇರಳವಾಗಿ ಬರುವ ಸರಕಿಗೆ ಸಂತೆಯಲ್ಲಿ ಬೆಲೆಯಿಲ್ಲ.

ಜಿಜ್ಞಾಸು: ಮಳೆಗಾಲದ ವಿದ್ಯುತ್ತು ಬಂದರೆ ಜಲಾಶಯದ ನೀರನ್ನು ಬೇಸಿಗೆಗೆ ಉಳಿಸಿಕೊಳ್ಳಬಹುದು ಎಂಬ ವಾದವೂ ಇದೆಯಲ್ಲ.

ಎಂಜಿನಿಯರ್: ಆ ವಾದದಲ್ಲಿ ಹುರುಳಿದೆ, ಆದರೆ ನೀರು ಉಳಿಸುವ ಅದೇ ಕೆಲಸವನ್ನು ಗಾಳಿಯಂತ್ರಗಳು ಕಡಿಮೆ ಖರ್ಚಿನಲ್ಲಿ ಈಗಾಗಲೇ ಮಾಡುತ್ತಿವೆ. ಎರಡನೆಯ ತೊಡಕು ದುರಸ್ತಿಯದು. ಮೀನುಗಳು ಮರಿ ಮಾಡುವ ಕಾಲವೆಂದು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ಕರ್ನಾಟಕದಲ್ಲಿ ನಿಷೇಧವಿದೆ. ನಿಷೇಧವಿಲ್ಲದಿದ್ದರೂ ಆ ದಿನಗಳ ಕಡಲಿಗೆ ದೋಣಿ ಇಳಿಸುವುದು ಅಪಾಯಕರ. ಯಂತ್ರ ಹೆಚ್ಚು ದುಡಿಯುವ, ಹಾಗಾಗಿ ಹೆಚ್ಚು ಕೆಡುವ ದಿನಗಳಲ್ಲಿಯೇ ಅದರ ಹತ್ತಿರ ಸುಳಿಯುವಂತಿಲ್ಲ. ಮೂರನೆಯದು ಕಡಲತಳದ ಇಳಿಜಾರು. ವಿಳಿಂಜಂನಲ್ಲಿ ತೀರದ ಪಕ್ಕದಲ್ಲಿಯೇ ಆಳವಿರುವುದರಿಂದ ಅಲೆ ಬಲಗುಂದದೆ ಗೋಡೆಯವರೆಗೆ ಬರುತ್ತದೆ. ಕರ್ನಾಟಕದ ತೀರದಲ್ಲಿ ತಳ ನಿಧಾನವಾಗಿ ಇಳಿಯುವುದರಿಂದ ಅಲೆ ದೂರದಲ್ಲಿಯೇ ತಳಕ್ಕೆ ಉಜ್ಜಿ, ಮುರಿದು, ಶಕ್ತಿಯ ದೊಡ್ಡ ಪಾಲನ್ನು ಕಳೆದುಕೊಂಡು ದಡ ಸೇರುತ್ತದೆ.

ಜಿಜ್ಞಾಸು: ಹಾಗಾದರೆ ಈ ವಿದ್ಯೆಯನ್ನು ಕೈಬಿಡಬೇಕೆಂಬುದು ತಮ್ಮ ತೀರ್ಮಾನವೇ? ಭಾರತದ ಅಲೆಗಳ ಸೈದ್ಧಾಂತಿಕ ಸಾಮರ್ಥ್ಯ ಸುಮಾರು 40,000 ಮೆಗಾವ್ಯಾಟ್ ಎಂಬ ಸರ್ಕಾರಿ ಅಂದಾಜಿದೆ. ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ 2019ರಲ್ಲಿ ಸಾಗರಶಕ್ತಿಯನ್ನು ನವೀಕರಿಸಬಹುದಾದ ಶಕ್ತಿಯೆಂದು ಘೋಷಿಸಿಯೂ ಆಗಿದೆ.

ಎಂಜಿನಿಯರ್: ಕೈಬಿಡಬೇಕಾದದ್ದು ವಿದ್ಯೆಯನ್ನಲ್ಲ, ಅದರ ಬಗೆಗಿನ ತಪ್ಪು ಲೆಕ್ಕವನ್ನು. ಸೈದ್ಧಾಂತಿಕ ಸಾಮರ್ಥ್ಯವೆಂದರೆ ಕಡಲಿನಲ್ಲಿ ಇರುವಷ್ಟು, ಕೈಗೆ ಬರುವಷ್ಟಲ್ಲ. ಗಾಳಿಯಂತ್ರಗಳು ದಶಕಗಳ ಕಾಲ ಪರಸ್ಪರ ಸ್ಪರ್ಧಿಸಿ ಮೂರು ರೆಕ್ಕೆಗಳ ಒಂದೇ ವಿನ್ಯಾಸಕ್ಕೆ ಬಂದು ನಿಂತ ಮೇಲೆ ಅವುಗಳ ಬೆಲೆ ಇಳಿಯಿತು. ಅಲೆಯಂತ್ರಗಳಲ್ಲಿ ಅಂಥ ಒಮ್ಮತ ಇನ್ನೂ ಮೂಡಿಲ್ಲ, ಆದ್ದರಿಂದ ಪ್ರತಿಯೊಂದು ಯಂತ್ರವೂ ತನ್ನ ಬಗೆಯಲ್ಲಿ ಮೊದಲನೆಯದಾಗಿ, ದುಬಾರಿಯಾಗಿಯೇ ಉಳಿದಿದೆ. ಯೂನಿಟ್ಟಿನ ದರದಲ್ಲಿ ಪಾವಗಡದ ಸೌರ ಫಲಕಗಳೊಡನೆ ಸ್ಪರ್ಧಿಸುವಂತೆ ಅದನ್ನು ಕೇಳಿದರೆ ಅದು ಸೋಲುತ್ತದೆ. ಆದರೆ ಅಲೆಯನ್ನು ಹೇಗೂ ತಡೆಯಬೇಕಾದ ಜಾಗ, ಕರೆಂಟಿನ ತಂತಿ ಹೇಗೂ ತಲುಪದ ಜಾಗ ಎಂದು ಎರಡು ಬಗೆಯ ಜಾಗಗಳಿದ್ದು, ಅಲ್ಲಿ ಲೆಕ್ಕವೇ ಬೇರೆಯಾಗುತ್ತದೆ.

ಜಿಜ್ಞಾಸು: ಮೊದಲನೆಯದಕ್ಕೆ ನಿದರ್ಶನವಿದೆಯೇ?

ಎಂಜಿನಿಯರ್: ಸ್ಪೇನಿನ ಬಾಸ್ಕ್ ಪ್ರಾಂತದ ಮುಟ್ರಿಕು ಎಂಬ ಸಣ್ಣ ಬಂದರು ಇದಕ್ಕೆ ನಿದರ್ಶನ. ಅಲ್ಲಿ ಬಂದರಿನ ರಕ್ಷಣೆಗಾಗಿ ತಡೆಗೋಡೆ ಕಟ್ಟಬೇಕಾಗಿ ಬಂದಾಗ, ಗೋಡೆಯ ಒಂದು ಭಾಗದಲ್ಲಿ 16 ಟೊಳ್ಳು ಕೋಣೆಗಳನ್ನು ಬಿಟ್ಟು, ಒಂದೊಂದರ ಮೇಲೂ 18.5 ಕಿಲೋವ್ಯಾಟಿನ ವೆಲ್ಸ್ ಟರ್ಬೈನ್ ಕೂರಿಸಿ, ಒಟ್ಟು 296 ಕಿಲೋವ್ಯಾಟಿನ ಸ್ಥಾವರವನ್ನು 2011ರಲ್ಲಿ ಆರಂಭಿಸಲಾಯಿತು. ಬಿರುಗಾಳಿಯ ಹೊಡೆತ ತಡೆಯುವ ಕಾಂಕ್ರೀಟಿನ ಬಹುಪಾಲು ಖರ್ಚು ಬಂದರಿನ ಲೆಕ್ಕಕ್ಕೆ ಹೋಯಿತು. ವಿದ್ಯುತ್ತಿನ ಲೆಕ್ಕಕ್ಕೆ ಬಂದದ್ದು ಕೋಣೆಯ ಮಾರ್ಪಾಡು ಮತ್ತು ಯಂತ್ರ ಮಾತ್ರ. ದಡದಿಂದ ನಡೆದುಕೊಂಡೇ ಹೋಗಬಹುದಾದ್ದರಿಂದ ಒಂದು ಯಂತ್ರ ಕೆಟ್ಟರೆ ಅದನ್ನಷ್ಟೇ ಕಳಚಿ, ಉಳಿದವನ್ನು ನಡೆಸಬಹುದು. ಉತ್ಪಾದನೆ ಕಡಿಮೆಯೇ, ಆದರೆ ದೊಡ್ಡ ಸಾಮರ್ಥ್ಯದ ತೇಲುಯಂತ್ರಗಳು ಇತಿಹಾಸಕ್ಕೆ ಸೇರಿದ ಮೇಲೂ ಅದು ನಡೆಯುತ್ತ ಬಂತು.

ಜಿಜ್ಞಾಸು: ಎರಡನೆಯ ಬಗೆಯ ಜಾಗ?

ಎಂಜಿನಿಯರ್: ತೀರದಿಂದ ದೂರವಿರುವ ತೇಲುದೀಪಗಳು, ಹವಾಮಾನ ಮತ್ತು ಕಡಲಿನ ಅಳತೆ ಕಳಿಸುವ ಉಪಕರಣಗಳು, ಡೀಸೆಲ್ಲನ್ನು ಹಡಗಿನಲ್ಲಿ ತರಿಸಿಕೊಳ್ಳುವ ಸಣ್ಣ ದ್ವೀಪಗಳು. ಅಂಥಲ್ಲಿ ಒಂದು ಕಿಲೋವ್ಯಾಟಿಗೂ ಹೆಚ್ಚಿನ ಬೆಲೆಯಿದೆ. ಮಸುಡಾ ಅವರ ತೇಲುದೀಪ ಮಾರುಕಟ್ಟೆಯಲ್ಲಿ ನಿಂತದ್ದಕ್ಕೆ ಕಾರಣ ಅದರ ದಕ್ಷತೆಯಲ್ಲ. ನಡುಗಡಲಿಗೆ ದೋಣಿಯಲ್ಲಿ ಹೋಗಿ ಬ್ಯಾಟರಿ ಬದಲಿಸುವ ಖರ್ಚಿಗಿಂತ ಅದು ಅಗ್ಗವಾಗಿತ್ತು. ಐಐಟಿ ಮದ್ರಾಸಿನವರು 2022ರ ನವೆಂಬರಿನಲ್ಲಿ ತೂತ್ತುಕುಡಿಯ ತೀರದಿಂದ ಸುಮಾರು 6 ಕಿಲೋಮೀಟರ್ ದೂರದಲ್ಲಿ ಪರೀಕ್ಷಿಸಿದ ಸಿಂಧುಜಾ-1 ಎಂಬ ತೇಲುಯಂತ್ರ 100 ವ್ಯಾಟ್ ಕೊಟ್ಟಿತು. ಜಾಲದ ದೃಷ್ಟಿಯಲ್ಲಿ ಅದು ಕೆಲವು ಬಲ್ಬುಗಳಷ್ಟೇ; ಅಳತೆಯ ಉಪಕರಣಕ್ಕೆ ಅದು ಸಾಕು.

ಜಿಜ್ಞಾಸು: ದೊಡ್ಡ ನಿರೀಕ್ಷೆಯಿಂದ ಆರಂಭವಾದ ವಿಚಾರ ತೇಲುದೀಪಕ್ಕೂ ಬಂದರಿನ ಗೋಡೆಗೂ ಇಳಿಯಿತು. ಇದರಿಂದ ಕಡಲ್ಕೊರೆತವಾದರೂ ತಗ್ಗುತ್ತದೆಯೇ?

ಎಂಜಿನಿಯರ್: ಹೀರಿಕೊಂಡಷ್ಟು ಶಕ್ತಿ ದಡಕ್ಕೆ ಕಡಿಮೆ ತಲುಪುತ್ತದೆ ಎಂಬುದು ಸರಿ, ಆದರೆ ಒಂದೆಡೆ ಅಲೆ ಶಾಂತವಾದರೆ ಅಲ್ಲಿ ಮರಳು ನಿಂತು, ಅದರ ಪಕ್ಕದ ತೀರಕ್ಕೆ ಮರಳಿನ ಪೂರೈಕೆ ತಪ್ಪಿ ಕೊರೆತ ಹೆಚ್ಚಬಹುದು. ಕಲ್ಲಿನ ತಡೆಗೋಡೆಗಳಿಗಿರುವ ಈ ದೋಷ ಅಲೆಯಂತ್ರಕ್ಕೂ ತಪ್ಪಿದ್ದಲ್ಲ. ಆದ್ದರಿಂದ ಎರಡು ಉದ್ದೇಶಗಳನ್ನೂ ಒಟ್ಟಿಗೆ ಸಾಧಿಸುವ ಭರವಸೆ ಕೊಡುವ ಮುನ್ನ ಮರಳಿನ ಲೆಕ್ಕವನ್ನೂ ಹಾಕಬೇಕು.

ಜಿಜ್ಞಾಸು: ಹಾಗಿದ್ದರೆ ಕರ್ನಾಟಕದ ಮಟ್ಟಿಗೆ ಮಾಡಬೇಕಾದ ಮೊದಲ ಕೆಲಸ ಯಾವುದು?

ಎಂಜಿನಿಯರ್: ಹೊಸ ತಡೆಗೋಡೆಯ ನಕ್ಷೆ ಬರೆಯುವ ಹಂತದಲ್ಲಿಯೇ, ಅಲ್ಲಿನ ನೀರಿನ ಆಳ ಎಷ್ಟು, ಮುರಿಯದೆ ಬರುವ ಅಲೆ ವರ್ಷದಲ್ಲಿ ಎಷ್ಟು ತಿಂಗಳು, ಟೊಳ್ಳು ಕೋಣೆಗೆ ತಗಲುವ ಹೆಚ್ಚುವರಿ ಖರ್ಚು ಎಷ್ಟು, ಮಂಜುಗಡ್ಡೆಯ ಘಟಕವೋ ಸಿಹಿನೀರಿನ ಘಟಕವೋ ಆ ವಿದ್ಯುತ್ತನ್ನು ಬಂದ ಹಾಗೆಯೇ ಬಳಸಿಕೊಳ್ಳಬಲ್ಲದೇ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳುವುದು. ಹಲವು ಕಡೆ ಉತ್ತರ ಬೇಡವೆಂದೇ ಬರಬಹುದು, ಆಗ ಕಲ್ಲಿನ ಗೋಡೆಯೇ ಸರಿ. ಬೇಕೆಂದು ಬಂದ ಒಂದೆರಡು ಕಡೆ ಮಾತ್ರ ಕೋಣೆ ಬಿಟ್ಟು ಕಟ್ಟಬೇಕು; ಏಕೆಂದರೆ ಗೋಡೆ ಒಮ್ಮೆ ಗಟ್ಟಿಯಾಗಿ ಎದ್ದ ಮೇಲೆ ಅದರೊಳಗೆ ಕೋಣೆ ಕೊರೆಯುವ ಖರ್ಚು ಹೊಸ ಗೋಡೆ ಕಟ್ಟುವ ಖರ್ಚನ್ನೂ ಮೀರಬಹುದು.